ಐತ್ವಾರದ ಪಂಗತಿ

ತಂಗೆವ್ವ ಹುಟ್ಟಿದ್ದು ಚಿಮ್ಮಡದಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಬೀರೇಶ್ವರನ ಗುಡಿಯ ಮುಂದೆ ಕುಲದವರೆಲ್ಲ ಕೂಡಿ ಉಣ್ಣುವ ದಿನ ಬಡಿಸುವ ಉಸ್ತುವಾರಿ ಅವಳ ಅಪ್ಪ ಹುಲೆಪ್ಪನದು. ಹೆಗಲಿಗೆ ಟವೆಲ್ ಹಾಕಿಕೊಂಡು ಅವನು ಪಂಗತಿಯ ತುದಿಗೆ ನಿಂತನೆಂದರೆ, ಕಟ್ಟಕಡೆಯವನ ಎಲೆಗೆ ಹುಗ್ಗಿ ಬೀಳುವ ತನಕ ಯಾರೂ ತುತ್ತು ಎತ್ತುವಂತಿರಲಿಲ್ಲ. ಮನುಷ್ಯ ಯಾರವನು ಎಂದು ಕೇಳಬೇಡಿ, ಯಾರ ಪಂಗತಿಯಲ್ಲಿ ಕೂತಿದ್ದಾನೆ ನೋಡಿ ಎಂದು ಅವನು ಹೇಳುತ್ತಿದ್ದ. ತಂಗೆವ್ವ ಶಾಲೆಗೆ ಹೋದವಳಲ್ಲ. ಅವಳು ಕಲಿತ ಮೊದಲ ಪಾಠ ಇದೇ.

ಅದೇ ಪಂಗತಿಯಲ್ಲಿ ಅವಳು ಸಣ್ಣವಳಿದ್ದಾಗ ಇನ್ನೊಂದನ್ನೂ ನೋಡಿದಳು. ಕುಲದ ಮಾತು ಮೀರಿದನೆಂದು ಒಬ್ಬನನ್ನು ಊಟದಿಂದ ಎಬ್ಬಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಹಿರಿಯನೊಬ್ಬ ಅವನ ಮುಂದೆ ನಿಂತು, “ಎಲಿ ತಗಿ” ಎಂದ, ಅಷ್ಟೇ. ಆ ಮನುಷ್ಯ ಬಡಿಸಿದ ಎಲೆಯನ್ನು ಹಾಗೇ ಮಡಚಿ ಕೈಯಲ್ಲಿ ಹಿಡಿದುಕೊಂಡು ಎಲ್ಲರ ಕಣ್ಣೆದುರು ಎದ್ದು ಹೋದ. ಆಮೇಲೆ ಕೆಲವು ದಿನ ಊರಲ್ಲಿ ಇದ್ದೂ ಇಲ್ಲದವನಂತಿದ್ದು, ಒಂದು ಮುಂಜಾನೆ ತೇರದಾಳದ ಹಾದಿ ಹಿಡಿದವನು ತಿರುಗಿ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೂ ಯಾರಾದರೂ ದನಿ ಏರಿಸದೆ ಸಣ್ಣಗೆ ಗದರಿದರೆ ತಂಗೆವ್ವನ ಎದೆ ಝಲ್ಲೆನ್ನುತ್ತಿತ್ತು. ಕೂಗಾಡುವವರಿಗೆ ಅವಳು ಹೆದರಿದವಳೇ ಅಲ್ಲ.

ಮದುವೆಯಾಗಿ ಹೋದದ್ದು ಬೀಳಗಿ ಕಡೆಯ ಹೊಳೆದಂಡೆಯ ಊರಿಗೆ. ಗಂಡ ಜಕ್ಕಪ್ಪ ಮಾತಿನ ಮಲ್ಲ. ಹಗಲೆಲ್ಲ ಕುರಿಗಳ ಜೊತೆ ಮಾತಾಡಿ ಬಂದರೂ ಅವನ ಮಾತು ತೀರುತ್ತಿರಲಿಲ್ಲ. ಒಬ್ಬನೇ ಕೂತು ಉಂಡವನೂ ಅಲ್ಲ. ಅಡವಿಯಲ್ಲಿ ಬುತ್ತಿ ಬಿಚ್ಚಿದರೆ, ದಾರಿಯಲ್ಲಿ ಹೋಗುವವನನ್ನು ಕೂಗಿ ಕರೆದು, ಅರ್ಧ ರೊಟ್ಟಿ ಅವನ ಕೈಗಿಟ್ಟ ಮೇಲೆಯೇ ತಾನು ಮುರಿಯುತ್ತಿದ್ದ. ಒಬ್ಬಳೇ ಮಗಳು ಶೈಲಾಳನ್ನು ಲೋಕಾಪುರಕ್ಕೆ ಕೊಟ್ಟರು. ಹಿಂಡು ಇತ್ತು, ಹೊಳೆಯ ದಂಡೆಗೆ ಹುಲ್ಲು ಇತ್ತು, ಜಕ್ಕಪ್ಪನ ಅಣ್ಣ ಅಮಸಿದ್ದಪ್ಪನ ಮನೆ ಗೋಡೆಗೆ ಗೋಡೆ ಹತ್ತಿಕೊಂಡೇ ಇತ್ತು.

ಆಮೇಲೆ ಮುಳುಗಡೆ ಬಂತು. ಬರುತ್ತದೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದದ್ದು ಬಂದೇ ಬಂತು. ಆಣೆಕಟ್ಟಿನ ಹಿನ್ನೀರು ಮೊದಲು ಹುಲ್ಲಿಗೆ ಹತ್ತಿತು, ಆಮೇಲೆ ಹೊಲಕ್ಕೆ, ಆಮೇಲೆ ಓಣಿಗೆ. ಅಮಸಿದ್ದಪ್ಪ ಕುಲದವರೊಡನೆ ಬೀರೇಶ್ವರನ ಕಲ್ಲನ್ನೂ ಟ್ರ್ಯಾಕ್ಟರಿನಲ್ಲಿ ಏರಿಸಿಕೊಂಡು ಎತ್ತರದ ಪುನರ್ವಸತಿ ಕೇಂದ್ರಕ್ಕೆ ಹೋದ. ಜಕ್ಕಪ್ಪನೂ ಹೋದ. ಆದರೆ ಅಲ್ಲಿ ಮೇವಿಲ್ಲದೆ ಹಿಂಡು ಮಾರಿದ ವರ್ಷವೇ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ನಾಲಿಗೆ ತೊಡರಿತು. ಅಷ್ಟು ಮಾತಾಡುತ್ತಿದ್ದವನ ಮಾತನ್ನು ಈಗ ತಂಗೆವ್ವ ಒಬ್ಬಳೇ ಹೆಕ್ಕಿ ತಿಳಿದುಕೊಳ್ಳಬೇಕಾಯಿತು.

ದುಡಿಯುವ ಕೈ ಅವಳದೊಂದೇ ಉಳಿಯಿತು. ಬನಹಟ್ಟಿಯಲ್ಲಿ ನೇಕಾರರ ಮನೆಗಳಲ್ಲಿ ಹೆಂಗಸರಿಗೆ ಕೆಲಸ ಸಿಗುತ್ತದೆಂದು ಯಾರೋ ಹೇಳಿದರು. ಒಂದು ಕೋಣೆ ಹಿಡಿದು ಗಂಡನನ್ನು ಕರೆತಂದಳು. ಮಗ್ಗದ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ರಾಟಿ ತಿರುವಿ ನೂಲು ಸುತ್ತುವ ಕೆಲಸ ಕಲಿತಳು. ಅವಳ ಪಕ್ಕದ ರಾಟಿಗೆ ಯಲ್ಲಕ್ಕ ಕೂರುತ್ತಿದ್ದಳು. ಯಲ್ಲಕ್ಕನ ತವರು ಗುಳೇದಗುಡ್ಡ. ಅಜ್ಜನ ಕಾಲದಿಂದ ಕ್ರಿಸ್ತನ ಸಭೆಗೆ ಸೇರಿದ ಮನೆತನ. ಅವಳು ಯಾರಿಗೂ ಬೋಧನೆ ಮಾಡಿದವಳಲ್ಲ. ತಂಗೆವ್ವನ ಗಂಡನಿಗೆ ಜ್ವರ ಬಂದರೆ ಗಂಜಿ ತಂದು ಕೊಡುವಳು, ಹೊರಡುವಾಗ ತಲೆಗೆ ಸೆರಗು ಹೊದ್ದು ಅವನ ಮಂಚದ ಬಳಿ ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡಿ ಹೋಗುವಳು. ಅದನ್ನು ನೋಡಿಯೇ ಒಂದು ಭಾನುವಾರ ತಂಗೆವ್ವ ಅವಳ ಹಿಂದೆ ಹೋದಳು.

ದೊಡ್ಡ ಚರ್ಚೇನೂ ಅಲ್ಲ. ತಗಡಿನ ಮಾಡಿನ ಉದ್ದ ಕೋಣೆ, ನೆಲಕ್ಕೆ ಜಮಖಾನೆ, ಮುಂದೆ ಒಂದು ಮೇಜು. ವಾರವಾರದ ಪ್ರಾರ್ಥನೆಯನ್ನು ಸಭೆಯ ಹಿರಿಯ ಗಿರಿಮಲ್ಲಪ್ಪ ನಡೆಸುತ್ತಿದ್ದ. ತಿಂಗಳಿಗೊಮ್ಮೆ ಜಮಖಂಡಿಯಿಂದ ಪಾದ್ರಿ ಸತ್ಯಮಿತ್ರ ಅಯ್ಯನವರು ಬಸ್ಸಿನಲ್ಲಿ ಬರುತ್ತಿದ್ದರು. ಆ ಭಾನುವಾರ ‘ರಾತ್ರಿ ಭೋಜನ’ದ ಸಂಸ್ಕಾರ. ಕ್ರಿಸ್ತನು ತನ್ನವರೊಡನೆ ಕಡೆಯ ರಾತ್ರಿ ಉಂಡ ಊಟದ ನೆನಪಿಗೆ ಆ ಹೆಸರು, ನಡೆಯುವುದು ಮಾತ್ರ ಬೆಳಗಿನಲ್ಲೇ. ಉಪ್ಪಿಲ್ಲದ ಗೋಧಿ ರೊಟ್ಟಿಯನ್ನು ಯಲ್ಲಕ್ಕ ಸುಟ್ಟು ತರುತ್ತಿದ್ದಳು. ಒಣದ್ರಾಕ್ಷಿ ನೆನೆಸಿ ಕುದಿಸಿದ ರಸವೂ ಅವಳ ಕೈಯದೇ. ಸಭೆಗೆ ಸೇರಿದವರು ಸಾಲಾಗಿ ಕೂತಲ್ಲಿಗೆ ಅಯ್ಯನವರು ರೊಟ್ಟಿ ಮುರಿದು ಕೊಡುತ್ತ ಬರುವರು. ಬಾಗಿಲ ಬಳಿ ಕೂತ ತಂಗೆವ್ವ ಮೊದಲ ಸಲ ಅದನ್ನು ಕಂಡಾಗ ಅವಳಿಗೆ ಹೊಸದೆನಿಸಲಿಲ್ಲ. ಅಪ್ಪನ ಪಂಗತಿ ಇಲ್ಲಿಗೆ ಹೇಗೆ ಬಂತು ಎನ್ನಿಸಿತು. ಒಂದೇ ರೊಟ್ಟಿಯನ್ನು ಮುರಿದು ಎಲ್ಲರೂ ತಿನ್ನುವುದೆಂದರೆ ಎಲ್ಲರೂ ಒಂದೇ ಮೈಯಾದ ಹಾಗೆ, ಒಂದು ಬೆರಳಿಗೆ ನೋವಾದರೆ ಇಡೀ ಮೈಗೆ ತಿಳಿಯಬೇಕು ಎಂದು ಅಯ್ಯನವರು ಅಂದು ಹೇಳಿದ ಮಾತು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಸೊಟ್ಟಬಾಯಲ್ಲೇ ನಕ್ಕ.

“ಪಲ್ಯಾ ಇಲ್ಲದ ರೊಟ್ಟಿನ? ನಿಮ್ಮ ದೇವರು ಭಾರಿ ಬಡವ ಅದಾನ ಬಿಡು.”

ಆದರೆ ಮುಂದಿನ ವಾರದಿಂದ ಅವನು ಕಾಯತೊಡಗಿದ. ಅವಳು ಬಂದು ಮಂಚದ ಕಾಲ ಬಳಿ ಕೂರುವುದು, ಕೇಳಿದ ಕತೆ ಹೇಳುವುದು, ಹಾಡಿದ ಹಾಡನ್ನು ತನಗೆ ನೆನಪಿದ್ದಷ್ಟು ಗುನುಗುವುದು. ಕಳೆದ ಕುರಿ ಹುಡುಕಿಕೊಂಡು ಹೋದವನ ಕತೆಯನ್ನು ಅವನು ಎಷ್ಟು ಸಲ ಹೇಳಿಸಿದನೋ. ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಒಂದಕ್ಕಾಗಿ ಹೋದ ಕುರುಬ ಖರೆ ಕುರುಬ ಹೌದೋ ಅಲ್ಲೋ ಎಂದು ಅವಳೊಡನೆ ವಾದಕ್ಕೆ ಇಳಿದ. ಉಳಿದವನ್ನು ತೋಳಕ್ಕೆ ಕೊಟ್ಟನೋ ಏನು ಎಂದು ಕೇಳಿದ. ಕೊನೆಗೆ ಒಂದು ದಿನ, ಒಂದು ತಪ್ಪಿಸಿಕೊಂಡರೆ ನಿದ್ದೆ ಬರುವುದಿಲ್ಲ, ಅದಂತೂ ಖರೆ ಎಂದು ಒಪ್ಪಿದ. ಓಣಿಯಲ್ಲಿ ಮಠದ ಅಯ್ಯ ಒಬ್ಬರು ಇದ್ದುದರಿಂದ, ಭಾನುವಾರ ಬರುವವರೆಂಬ ಗುರುತಿಗೆ ಅವನು ಸತ್ಯಮಿತ್ರರಿಗೆ ‘ಐತ್ವಾರದ ಅಯ್ಯ’ ಎಂದು ಹೆಸರಿಟ್ಟ.

ವರ್ಷ ಕಳೆದು ತಂಗೆವ್ವ ಸಭೆಗೆ ಸೇರಲು ಮನಸ್ಸು ಮಾಡಿದಳು. ಗಂಡನನ್ನು ಕೇಳಿದಳು.

“ನೀ ಎಲ್ಲಿ ಕೂಡತಿ ಕೂಡು. ನನ್ನ ಕಡೆ ಬೆನ್ನ ಮಾಡಿ ಮಾತ್ರ ಕೂಡಬ್ಯಾಡ.”

ತಲೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನವಾಯಿತು. ಸುದ್ದಿ ಪುನರ್ವಸತಿಗೆ ಮುಟ್ಟಲು ತಡವಾಗಲಿಲ್ಲ. ಅದೇ ತಿಂಗಳು ಅಮಸಿದ್ದಪ್ಪ ಬಂದ. ಹೊಸ ಗುಡಿ ಕಟ್ಟಿದ್ದಾರೆ, ಬೀರೇಶ್ವರನ ಊಟ ಇದೆ, ತಮ್ಮನನ್ನು ಟೆಂಪೊದಲ್ಲಿ ಕರೆದೊಯ್ಯುತ್ತೇನೆ ಎಂದ. ಚಹ ಕುಡಿದು ಲೋಟ ಕೆಳಗಿಟ್ಟ ಮೇಲೆ, ತಂಗೆವ್ವನ ಮುಖ ನೋಡದೆ, ಅವಳಿಗೂ ಊಟ ಇದೆ, ಆದರೆ ಅವಳು ಪಂಗತಿಯಿಂದ ಆಚೆ ಕೂರಲಿ ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕುಲದ ನಾಲ್ಕು ಮಂದಿ ಹೇಳಿ ಕಳಿಸಿದ್ದನ್ನು ಒಪ್ಪಿಸಿದ, ಅಷ್ಟೇ.

ಜಕ್ಕಪ್ಪ ಎಡಗೈ ಊರಿ ಅರ್ಧ ಎದ್ದು ಕೂತ.

“ಹಂಗಾರ ನನ್ನ ಎಲಿನೂ ತಗೀರಿ.”

ಅಣ್ಣ ಎಷ್ಟು ಹೇಳಿದರೂ ಅವನು ಗೋಡೆಯ ಕಡೆ ತಿರುಗಿದ ಮುಖವನ್ನು ಈಚೆಗೆ ಮಾಡಲಿಲ್ಲ. ಅಮಸಿದ್ದಪ್ಪ ಸಿಟ್ಟಿಗೆದ್ದು ಹೋದ. ಬೈಗಿಗೆ ತಂಗೆವ್ವ ತುತ್ತು ಮಾಡಿ ಉಣಿಸುತ್ತಿದ್ದಾಗ ಜಕ್ಕಪ್ಪ ನಗಲು ಪ್ರಯತ್ನಿಸಿದ.

“ಒಂದ ಪಂಗತಿ ಹೋತು. ಇನ್ನ ನಿಮ್ಮ ಐತ್ವಾರದ ಪಂಗತ್ಯಾಗರ ನನಗೊಂದ ಜಾಗಾ ಹಿಡಿಲೇ.”

ಚೇಷ್ಟೆಯ ದನಿಯಲ್ಲೇ ಅಂದ. ಆದರೆ ಅವಳು ಬಾಯಿಗಿಟ್ಟ ತುತ್ತನ್ನು ಅಗಿಯದೆ ಅವಳನ್ನೇ ನೋಡುತ್ತಿದ್ದ. ಅವನು ಅವಳ ಸಲುವಾಗಿ ಕುಲದ ಊಟ ಬಿಟ್ಟಿದ್ದ. ಈಗ ಅವನಿಗೆ ಕೂರಲು ಯಾವ ಸಾಲೂ ಇಲ್ಲ. ಜಗತ್ತಿನಲ್ಲಿ ಒಬ್ಬನೇ ಉಣ್ಣಲಾರದ ಮನುಷ್ಯನಿದ್ದರೆ ಅವನು ಇವನೇ. ಅಂದಿನಿಂದ ತಂಗೆವ್ವನಿಗೆ ಒಂದೇ ಗುಂಗು. ಹೇಗಾದರೂ ಇವನು ನನ್ನ ಪಂಗತಿಯಲ್ಲಿ ಒಂದು ತುತ್ತು ತಿನ್ನಬೇಕು.

ಯಾರನ್ನಾದರೂ ಕೇಳಬಹುದಿತ್ತು. ಕೇಳಲು ನಾಚಿದಳು. ನಡೆದು ಬಂದು ಜಮಖಾನೆಯ ಮೇಲೆ ಕೂರಬಲ್ಲವರಿಗಷ್ಟೇ ಸಭೆ ಎಂದು ತಾನೇ ತಿಳಿದುಕೊಂಡಿದ್ದಳು.

ಮುಂದಿನ ತಿಂಗಳು ಅವಳ ಮೊದಲ ಭೋಜನ. ಯಲ್ಲಕ್ಕನ ಮಗ್ಗುಲಿಗೆ ಕೂತಿದ್ದಳು. ಅಯ್ಯನವರು ಕೊಟ್ಟ ರೊಟ್ಟಿಯ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಎಲ್ಲರೂ ತಲೆ ಬಗ್ಗಿಸಿದ್ದಾಗ ಅದನ್ನು ಸೆರಗಿನ ತುದಿಗಿಟ್ಟು ಗಂಟು ಹಾಕಿದಳು. ಅವಳು ಬೆಳೆದ ಮನೆಯಲ್ಲಿ ಗುಡಿಗೆ ಹೋದವರು ಬರಿಗೈಲಿ ಬರುತ್ತಿರಲಿಲ್ಲ. ಏಳಲಾರದವರಿಗೆ, ಹಡೆದವರಿಗೆ, ಮುದುಕರಿಗೆ ದೇವರ ಪಾಲು ಸೆರಗಿನಲ್ಲೇ ಮನೆಗೆ ಬರಬೇಕು. ಮನೆಯಲ್ಲಿ ಚೂರನ್ನು ಎರಡು ಮಾಡುವುದು, ಒಂದು ಅವನಿಗೆ, ಒಂದು ತನಗೆ. ಅಷ್ಟೇ ಅವಳ ಎಣಿಕೆ.

ಹೊರಗೆ ಚಪ್ಪಲಿ ಮೆಟ್ಟುವಾಗ ಗಿರಿಮಲ್ಲಪ್ಪ ಹತ್ತಿರ ಬಂದ. ಅವನ ಕಣ್ಣು ಗಂಟಿನ ಮೇಲಿತ್ತು. ಏನದು ಎಂದು ಕೇಳಿದ. ಅವಳು ಬಿಚ್ಚಿ ತೋರಿಸಿದಳು, ಮನೆಯವರಿಗೆ ಎಂದಳು. ಅವನು ದನಿ ಏರಿಸಲಿಲ್ಲ.

“ಇದು ಸಭಿಗೆ ಸೇರಿದವರಿಗೆ ಅಷ್ಟ ಯವ್ವಾ. ಮನಿಗೆ ಒಯ್ಯಾಕ ಇದೇನ ಗುಡಿ ಪ್ರಸಾದನು? ಕೊಡಿಲ್ಲಿ.”

ಕೈ ಚಾಚಿದ. ಅವಳು ಕೊಟ್ಟಳು. ಅವನು ಚೂರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಹೋದ. ಆಯಿತು, ಮುಗಿಯಿತು. ಅಕ್ಕಪಕ್ಕದವರಿಗೆ ಏನು ನಡೆಯಿತೆಂದೂ ಗೊತ್ತಾಗಲಿಲ್ಲ. ಆದರೆ ತಂಗೆವ್ವನ ಕಿವಿಯಲ್ಲಿ ಬಿದ್ದದ್ದು ಆ ಮಾತಲ್ಲ. ಎಷ್ಟೋ ವರ್ಷದ ಹಿಂದೆ ಚಿಮ್ಮಡದ ಗುಡಿಯ ಮುಂದೆ ಕೇಳಿದ ಆ ಎರಡು ಪದಗಳು. ನನ್ನನ್ನು ಪಂಗತಿಯಿಂದ ಎಬ್ಬಿಸಿದರು ಎಂದುಕೊಂಡೇ ಅವಳು ಮನೆ ಮುಟ್ಟಿದಳು. ತಾನೂ ತಿಂದಿರಲಿಲ್ಲ, ಅವನಿಗೂ ತರಲಿಲ್ಲ.

ಹಾಗೆ ಎಬ್ಬಿಸಿಕೊಂಡವರು ತಿರುಗಿ ಹೋಗುವುದಿಲ್ಲ, ಮರ್ಯಾದೆ ಇದ್ದವರು ಹೋಗಬಾರದು ಎಂಬುದು ಅವಳ ರಕ್ತದಲ್ಲೇ ಇತ್ತು. ಮುಂದಿನ ಭಾನುವಾರ ರಾಟಿಯ ಕೆಲಸ ತಂದುಕೊಂಡು ಮನೆಯಲ್ಲೇ ಕೂತಳು. ಅದರ ಮುಂದಿನ ಭಾನುವಾರವೂ ಕೂತಳು. ಯಲ್ಲಕ್ಕ ಕೇಳಿದರೆ ಮೈ ಸರಿ ಇಲ್ಲ ಎಂದಳು. ಮತ್ತೂ ಕೇಳಿದರೆ ಮಾತು ತಿರುಗಿಸಿದಳು. ಜಕ್ಕಪ್ಪನಿಗೂ ಕಾರಣ ಹೇಳಲಿಲ್ಲ. ನಿನ್ನ ಪಾಲಿನ ಚೂರನ್ನು ಕೈಯಿಂದ ಕಸಿದುಕೊಂಡರು ಎಂದು ಅವನಿಗೆ ಹೇಗೆ ಹೇಳುವುದು? ಒಮ್ಮೆ ಎಲೆ ಎತ್ತಿಸಿಕೊಂಡವನು ಅವನು. ಎರಡನೇ ಸಲದ ಅವಮಾನ ಅವನಿಗೆ ತಟ್ಟದಿರಲಿ, ತಾನೇ ನುಂಗಿಕೊಳ್ಳುತ್ತೇನೆ ಎಂದುಕೊಂಡಳು. ಇದನ್ನು ಅವಳು ಪ್ರೀತಿ ಎಂದು ತಿಳಿದಳು. ಪ್ರೀತಿಯೇ ಆಗಿತ್ತು, ಆದರೆ ಅದರೊಳಗೆ ಹಟ ಎಷ್ಟು ಬೆರೆತಿತ್ತೆಂದು ಆಗ ಅವಳಿಗೆ ಕಾಣಲಿಲ್ಲ.

ತಿಂಗಳು ತುಂಬಿ ಅಯ್ಯನವರು ಬಂದರು. ಪ್ರಾರ್ಥನೆ ಮುಗಿಸಿ ಯಲ್ಲಕ್ಕನಿಂದ ಮನೆ ಕೇಳಿಕೊಂಡು ಒಬ್ಬರೇ ಬಂದು ಬಾಗಿಲಲ್ಲಿ ನಿಂತರು. ತಂಗೆವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಬಹಳ ದಿನದಿಂದ ಕಾಣಲಿಲ್ಲ ಎಂದು ಅವರು ವಿಚಾರಿಸಿದರು. ಕೆಲಸ ಎಂದಳು. ಅವರು ಬೇರೇನನ್ನೂ ಕೆದಕಲಿಲ್ಲ.

“ಮನೆಯವ್ರನ್ನ ನೋಡಿ ಎರಡ ಮಾತ ಆಡಿ ಹೋಗತೇನ್ರಿ. ಯಲ್ಲಕ್ಕ ಹೇಳತಿದ್ರು, ಭಾಳ ಛಲೋ ಮಾತಾಡತಾರಂತ.”

“ಮಲಗ್ಯಾರ್ರಿ,” ಎಂದಳು ತಂಗೆವ್ವ.

ಅವರು ಇನ್ನೊಮ್ಮೆ ಬರುತ್ತೇನೆ ಎಂದು ಕೈ ಮುಗಿದು ಹೋದರು. ತಂಗೆವ್ವ ಒಳಗೆ ಬಂದಾಗ ಜಕ್ಕಪ್ಪ ಕಣ್ಣು ತೆರೆದುಕೊಂಡು ಮಲಗಿದ್ದ. ಯಾರು ಬಂದಿದ್ದರು ಎಂದು ಕೇಳಿದ. ಯಾರೂ ಇಲ್ಲ, ನೂಲಿನವರು ಎಂದಳು. ಅವನು ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. ಹೂಂ ಎಂದ. ಒಂದು ಗೇಣು ದಪ್ಪದ ಗೋಡೆಯಾಚೆ ಆಡಿದ ಮಾತು ಅವನ ಕಿವಿಗೆ ಬೀಳದೆ ಇರಲಿಲ್ಲ ಎಂದು ಅವಳಿಗೆ ಅಂದೇ ಗೊತ್ತಿತ್ತು.

ಮುಂದೆ ಎರಡು ವರ್ಷ ಹಾಗೇ ಹೋದವು. ಬನಹಟ್ಟಿಯ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವುದಿಲ್ಲವಾದ್ದರಿಂದ ಮನೆಯೊಳಗಿನ ಮೌನ ಹೊರಗೆ ಯಾರಿಗೂ ತಿಳಿಯುವುದಿಲ್ಲ. ಮೊದಮೊದಲು ಜಕ್ಕಪ್ಪ, ಇಂದು ಐತ್ವಾರ ಹೌದಲ್ಲೋ ಎಂದು ಕೇಳುತ್ತಿದ್ದ. ನಮಗೆ ಎಲ್ಲ ವಾರವೂ ಒಂದೇ ಎಂದು ಅವಳು ರಾಟಿ ತಿರುಗಿಸುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟ. ಕಳೆದ ಕುರಿಯ ಕತೆ ಹೇಳು ಎಂದೂ ಕೇಳಲಿಲ್ಲ. ಅವನ ಲೋಕಕ್ಕೆ ಇದ್ದ ಒಂದೇ ಕಿಟಕಿ ಅವಳು ವಾರಕ್ಕೊಮ್ಮೆ ಹೊತ್ತು ತರುತ್ತಿದ್ದ ಮಾತು, ಅದನ್ನು ತಾನೇ ಮುಚ್ಚಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಗಂಡ ಶಾಂತನಾಗಿದ್ದಾನೆ ಎಂದುಕೊಂಡಳು.

ಇನ್ನೊಂದು ಸಲ ಲಕ್ವಾ ಹೊಡೆದದ್ದು ಒಂದು ಮಂಗಳವಾರ. ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಬುಧವಾರ ಮಧ್ಯಾಹ್ನ ಅವನಿಗೆ ಎಚ್ಚರವಾಯಿತು. ನಾಲಿಗೆ ಪೂರ್ತಿ ಬಿದ್ದಿತ್ತು. ಬಹಳ ಕಷ್ಟಪಟ್ಟು ಒಂದು ಪದ ಹೊರಡಿಸಿದ.

“ಅಯ್ಯ.”

ಅವಳು ಓಣಿಯ ಮಠದ ಅಯ್ಯನಿಗೆ ಹೇಳಿ ಕಳಿಸಿದಳು. ಅವರು ವಯಸ್ಸಾದ ಸಾತ್ವಿಕರು. ಬಂದು ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಧೈರ್ಯ ಹೇಳಿದರು. ಜಕ್ಕಪ್ಪ ಎಡಗೈ ಎತ್ತಿ ನಮಸ್ಕಾರ ಮಾಡಿದ. ಅವರು ಹೋದ ಮೇಲೆ ತಂಗೆವ್ವನ ಸೆರಗು ಜಗ್ಗಿ ಮತ್ತೆ ಅದೇ ಪದ ಅಂದ. ಬಂದು ಹೋದರಲ್ಲ ಎಂದಳು. ಅವನು ತಲೆ ಅಲ್ಲಾಡಿಸಿದ. ಗಂಟಲ ನರ ಉಬ್ಬಿಸಿ, ಬೆವತು, ಇನ್ನೊಂದು ಪದಕ್ಕಾಗಿ ಹೆಣಗಿದ.

“ಐ... ಐತ್ವಾ...”

ತಂಗೆವ್ವನಿಗೆ ತಿಳಿಯಿತು. ತಿಳಿಯಲಿಲ್ಲ ಎಂದು ಅವಳು ಮುಂದೆ ಎಂದೂ, ಯಾರ ಮುಂದೂ ಹೇಳಲಿಲ್ಲ. ಆ ಗಳಿಗೆಯಲ್ಲೇ ಸ್ಪಷ್ಟವಾಗಿ ತಿಳಿಯಿತು.

ಜಮಖಂಡಿಗೆ ಬಸ್ಸುಗಳಿದ್ದವು. ಯಲ್ಲಕ್ಕನಿಗೆ ಒಂದು ಮಾತು ಹೇಳಿದ್ದರೆ ಅವಳ ಗಂಡ ಸೈಕಲ್ ಹತ್ತಿ ಫೋನ್ ಮಾಡಲು ಹೋಗುತ್ತಿದ್ದ. ತಂಗೆವ್ವ ಹೊಸ್ತಿಲ ತನಕ ಬಂದಳು. ಅಲ್ಲಿ ನಿಂತಾಗ, ಇದೇ ಜಾಗದಲ್ಲಿ ಆ ಮನುಷ್ಯನನ್ನು ತಿರುಗಿಸಿ ಕಳಿಸಿದ್ದು ನೆನಪಾಯಿತು. ಈಗ ಯಾವ ಮುಖದಿಂದ ಕರೆಸುವುದು? ಗಿರಿಮಲ್ಲಪ್ಪನೂ ಜೊತೆಗೆ ಬಂದರೆ? ಸಭೆಗೆ ಸೇರದವನಿಗೆ ಇದು ಸಲ್ಲುವುದಿಲ್ಲ ಎಂದು ಮಂಚದ ಬಳಿ ನಿಂತು ಅದೇ ತಣ್ಣನೆಯ ದನಿಯಲ್ಲಿ ಅಂದರೆ, ಸಾಯುವ ಮನುಷ್ಯನ ಎದುರಿಗೆ? ಅವಳು ತಿರುಗಿ ಬಂದು ಅವನ ಬೆವರೊರೆಸಿದಳು.

“ಬರೂ ಐತ್ವಾರ ಹೆಂಗೂ ಬರತಾರ. ಅವತ್ತ ಕರಸತೇನ್ರಿ.”

ಅವನು ಅವಳ ಮಾತನ್ನು ನಂಬಿದ. ಅದೇ ಅವಳನ್ನು ಮುಂದೆ ಹೆಚ್ಚು ಸುಟ್ಟದ್ದು. ಮುಖದ ಬಿಗಿ ಸಡಿಲವಾಗಿ, ಮಗುವಿನ ಹಾಗೆ ಕಣ್ಣು ಮುಚ್ಚಿದ. ಶುಕ್ರವಾರ ಹೊತ್ತೇರುವ ಮುಂಚೆ ಅವನ ಉಸಿರು ನಿಂತಿತು.

ಅಮಸಿದ್ದಪ್ಪ ಕುಲದವರನ್ನು ಕರೆದುಕೊಂಡು ಬಂದ. ತಮ್ಮನನ್ನು ಪುನರ್ವಸತಿಗೆ ಒಯ್ದು ಕುಲದ ನೆಲದಲ್ಲಿ ಮಣ್ಣು ಮಾಡಿದರು. ಯಾರೂ ಏನೂ ಕೇಳಲಿಲ್ಲ. ದಿನಕರ್ಮದ ಊಟಕ್ಕೆ ಎಲ್ಲರೂ ಕೂತಾಗ ತಂಗೆವ್ವ ಮಗಳು ಶೈಲಾಳೊಂದಿಗೆ ದೂರ ಕಂಬಕ್ಕೆ ಒರಗಿದ್ದಳು. ಅಮಸಿದ್ದಪ್ಪನೇ ಬಂದು ಕರೆದ.

“ಬಾರವ್ವ. ನಿನ್ನ ಎಲಿ ನಡುವ ಹಾಕಸೇನಿ.”

ಅವಳು ಕೂತಳು. ಅವನು ಮುಂದೆ ಕುಕ್ಕರಗಾಲಲ್ಲಿ ಕೂತು, ಅಂದು ನಾನು ಬಾಯಿ ತಪ್ಪಿ ಒಂದು ಮಾತು ಅಂದೆ, ಅವನು ಎಲೆ ತೆಗೀರಿ ಎಂದ, ನನಗೂ ಹಟ ಬಂತು ಎಂದು ಹೇಳಿ ಕಣ್ಣೊರೆಸಿಕೊಂಡ. ಆ ಮುಂದಿನ ವರ್ಷವೇ ಕುಲದವರು ಮೆತ್ತಗಾಗಿದ್ದರಂತೆ. ಕರೆಯಲು ಹೋಗಬೇಕು ಎನ್ನುತ್ತಲೇ ದಿನ ಕಳೆದವಂತೆ. ತಂಗೆವ್ವ ಬಡಿಸಿದ್ದನ್ನು ಉಂಡಳು. ಜಕ್ಕಪ್ಪ ಬಿಟ್ಟುಕೊಟ್ಟ ಪಂಗತಿಯಲ್ಲಿ ಜಕ್ಕಪ್ಪನಿಲ್ಲದೆ ತಾನು ಕೂತಿದ್ದೇನೆ ಎಂದು ಅವಳಿಗೆ ಹೊಳೆದದ್ದು ಅರ್ಧ ಎಲೆ ಉಂಡ ಮೇಲೆ.

ಬನಹಟ್ಟಿಗೆ ಮರಳಿದಳು. ಬಹಳ ದಿನ ಯಾರೊಡನೆಯೂ ಮಾತಾಡಲಿಲ್ಲ. ಯಲ್ಲಕ್ಕ ಪಕ್ಕದ ರಾಟಿಗೆ ಕೂತು ತಾನೂ ಸುಮ್ಮನೆ ನೂಲು ಸುತ್ತುತ್ತಿದ್ದಳು. ಒಂದು ದಿನ ತಂಗೆವ್ವ ತಾನಾಗಿ ಎಲ್ಲವನ್ನೂ ಹೇಳಿದಳು, ಸೆರಗಿನ ಗಂಟಿನಿಂದ ಹಿಡಿದು ಬುಧವಾರದ ಆ ಮಾತಿನವರೆಗೆ. ಯಲ್ಲಕ್ಕನ ರಾಟಿ ನಿಂತಿತು. ಏಳಲಾರದವರಿಗೆ ಅಯ್ಯನವರು ಮನೆಗೇ ಬಂದು ದೀಕ್ಷೆ ಕೊಡುತ್ತಾರೆ, ಮನೆಗೇ ಭೋಜನ ತರುತ್ತಾರೆ, ನನ್ನ ಅತ್ತೆಗೆ ಕೊನೆಯ ನಾಲ್ಕು ವರ್ಷ ಮಂಚದಲ್ಲೇ ಕೊಟ್ಟರು ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ತಿಳಿದು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಮುಂದಿನ ಭಾನುವಾರ ಅಯ್ಯನವರು ಬರುವ ದಿನ. ತಂಗೆವ್ವ ಎಲ್ಲರಿಗಿಂತ ಮೊದಲೇ ಹೋದಳು. ಗಿರಿಮಲ್ಲಪ್ಪ ಒಬ್ಬನೇ ಜಮಖಾನೆ ಹಾಸುತ್ತಿದ್ದ. ಅವನಿಗೆ ಈಗ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಅವಳನ್ನು ನೋಡಿ ಖರೆಯಾಗಿಯೂ ಸಂತೋಷಪಟ್ಟ. ಕುಲದವರ ಒತ್ತಾಯಕ್ಕೆ ನೀನು ನಮ್ಮನ್ನು ಬಿಟ್ಟೆ ಎಂದು ತಿಳಿದಿದ್ದೆವು, ಪ್ರತಿ ವಾರ ನಿನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ದೇವೆ ಎಂದ.

“ಕಾಕಾ, ಅವತ್ತ ನೀವ ನನ್ನ ಕೈಯಾಗಿಂದ ರೊಟ್ಟಿ ಇಸ್ಕೊಂಡ್ರಿ.”

ಅವನಿಗೆ ನೆನಪಿರಲಿಲ್ಲ. ಎಂದು, ಯಾವ ರೊಟ್ಟಿ ಎಂದು ಕೇಳಿದ. ಅವಳು ಹೇಳಿದಳು. ಅವನು ಜಮಖಾನೆಯ ಅಂಚು ಹಿಡಿದುಕೊಂಡೇ ನೆಲಕ್ಕೆ ಕೂತ. ಹೊಸಬರಿಗೆ ರೀತಿ ಗೊತ್ತಿಲ್ಲದೆ ಹಾಗೆ ಮಾಡುವುದುಂಟು, ತಾನು ಹಾಗೆ ತಿದ್ದುವುದುಂಟು. ತಿದ್ದಿ, ಒಳಗಿಟ್ಟು, ಮರೆತುಬಿಟ್ಟಿದ್ದ. ಅವಳು ಇಷ್ಟು ವರ್ಷ ಹೊತ್ತ ಕಲ್ಲನ್ನು ಎಸೆದವನಿಗೆ ತಾನು ಎಸೆದದ್ದೇ ಗೊತ್ತಿರಲಿಲ್ಲ.

“ನಿನ್ನ ಯಾರ ಎಬ್ಬಿಸಿದ್ರವ್ವಾ? ನಿನ್ನ ಜಾಗಾ ಹಂಗ ಇತ್ತಲ್ಲ,” ಎಂದ. ಆಮೇಲೆ ತಡೆದು, “ನಾ ಕೇಳಬೇಕಿತ್ತು, ಯಾರಿಗೆ ಒಯ್ಯಾಕತ್ತೀ ಅಂತ. ಅದನ್ನ ಕೇಳಲಿಲ್ಲ,” ಎಂದ.

ತಂಗೆವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿದ್ದಳೋ ಏನೋ.

“ನೀವ ಬಾಗಲಾ ಹಾಕಲಿಲ್ರಿ ಕಾಕಾ. ನಾನ ಹೊರಗ ನಿಂತು ಚಿಲಕಾ ಹಾಕ್ಕೊಂಡೆ. ನಮ್ಮ ಮನಿಯವರನ್ನೂ ಹೊರಗ ನಿಲ್ಲಿಸಿ ಹಾಕ್ಕೊಂಡೆ.”

ಅಯ್ಯನವರು ಬಂದಾಗ ಅವರಿಗೂ ಹೇಳಿದಳು. ಅವರು ಬೈಬಲನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ತನಕ ಕೇಳಿದರು. ಮಲಗಿದ್ದಾರೆ ಎಂದು ಹೇಳಿದ ದಿನ ಅವನು ಎಚ್ಚರವಿದ್ದನೆಂಬುದನ್ನೂ ಅವಳು ಮುಚ್ಚಿಡಲಿಲ್ಲ. ಕಡೆಗೆ ಒಂದೇ ಪ್ರಶ್ನೆ ಕೇಳಿದಳು. ನಮ್ಮ ಮನೆಯವರು ಐತ್ವಾರದ ಅಯ್ಯ ಎಂದು ಬಾಯಿಬಿಟ್ಟು ಕರೆದರಲ್ಲ, ಅಷ್ಟಕ್ಕೆ ಅವರು ಸಭೆಯವರು ಆಗುತ್ತಾರೋ ಇಲ್ಲವೋ?

ಆಗುತ್ತಾರೆ ಎಂದುಬಿಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ. ಅಯ್ಯನವರು ಹಾಗೆ ಹೇಳಲಿಲ್ಲ.

“ಸಭೆಯವರು ಯಾರು ಅಂತ ನಾವು ಇಲ್ಲಿ ಎಣಿಸೋದು ನೀರು, ರೊಟ್ಟಿ ನೋಡಿ. ಅವರಿಗೆ ಎರಡೂ ಸಿಗಲಿಲ್ಲ. ಕರೆದದ್ದನ್ನ ಕೇಳಿಸಿಕೊಳ್ಳೋನು ಬೇರೆ ಅದಾನ. ಅವನು ಕೇಳ್ಯಾನ, ಅದರಾಗ ನನಗ ಸಂಶಯ ಇಲ್ಲ. ಆದರ ತಂಗೆವ್ವನವರ, ನಮ್ಮ ಸಾಲಿನಾಗ ಅವರು ಕೂಡಬೇಕಿತ್ತು. ಕೂಡಲಿಲ್ಲ. ಅದನ್ನ ನಾ ಸುಳ್ಳ ಮಾಡಲಾರೆ.”

ಅವಳು ತಲೆಯಾಡಿಸಿದಳು. ಅವಳಿಗೆ ಬೇಕಿದ್ದದ್ದು ಇಂಥದೇ ಮಾತು ಎಂದು ಕೇಳಿದ ಮೇಲೆ ತಿಳಿಯಿತು. ಜನ ಬರತೊಡಗಿದ್ದರು. ಅಯ್ಯನವರು, ಇಂದು ಭೋಜನಕ್ಕೆ ಕೂರುತ್ತೀರಾ ಎಂದು ಮೆಲ್ಲಗೆ ಕೇಳಿದರು. ಬಾಯಿಗೆ ಬಂದ ಉತ್ತರ ಬೇಡ ಎಂದೇ. ಅವನಿಗೆ ಸಿಗದ್ದನ್ನು ನಾನು ತಿಂದು ಏನು ಮಾಡಲಿ? ಆದರೆ ಹೀಗೆ ಬೇಡ ಅಂದಂದೇ ಅಲ್ಲವೇ ಅವನ ಹಾದಿಯನ್ನೂ ಮುಚ್ಚಿದ್ದು. ಕೂರುತ್ತೇನೆ ಎಂದಳು.

ಸಾಲು ಕೂತಿತು. ಯಲ್ಲಕ್ಕ ಒಂದು ಕಡೆ, ಈಚೆಗೆ ಸಭೆಗೆ ಸೇರಿದ, ಹೆಸರು ಗೊತ್ತಿಲ್ಲದ ಹೆಣ್ಣುಮಗಳೊಬ್ಬಳು ಇನ್ನೊಂದು ಕಡೆ. ಅಯ್ಯನವರು ರೊಟ್ಟಿ ಮುರಿದು ಅವಳ ಅಂಗೈಗಿಟ್ಟರು. ಚೂರು ಇನ್ನೂ ತುಸು ಬಿಸಿಯಿತ್ತು. ತಂಗೆವ್ವ ಅದನ್ನು ಬಾಯಿಗಿಟ್ಟುಕೊಂಡಳು. ಉಪ್ಪಿಲ್ಲದ ಬರೀ ಗೋಧಿಯ ರುಚಿ. ಅಗಿದಷ್ಟೂ ನುಣ್ಣಗಾಯಿತು. ಪಕ್ಕದ ಹೆಣ್ಣುಮಗಳು ತನ್ನ ಚೂರನ್ನು ಹಿಡಿದುಕೊಂಡು, ಈಗ ತಿನ್ನಬೇಕೋ ಆಮೇಲೋ ತಿಳಿಯದೆ ಅವಳ ಮುಖ ನೋಡುತ್ತಿದ್ದಳು. ತಂಗೆವ್ವ ಕಣ್ಣೊರೆಸಿಕೊಂಡು ಅವಳ ಕಿವಿಯ ಬಳಿ ಬಾಗಿದಳು.

“ತಿನ್ನು ಯವ್ವಾ. ಮನ್ಯಾಗ ಬರಾಕ ಆಗದವರು ಯಾರರ ಅದಾರೇನು? ಇದ್ರ ಹೇಳು, ಅಯ್ಯನವ್ರನ್ನ ಇವತ್ತ ಕರಕೊಂಡ ಹೋಗೂಣು.”